ಸವ್ವಾತಿ ಲೂಕಿಚ್ ಅವರ ಒರಟು ಬೆರಳು

ರಷ್ಯಾದ ಇಝೆವ್‌ಸ್ಕ್ ಊರಿನ ನಮ್ಮ ಕಟ್ಟಡದಲ್ಲಿ ಮೂರು ಸಂಸಾರಕ್ಕೆ ಒಂದೇ ಅಡುಗೆಮನೆ. ಪಕ್ಕದ ಕೋಣೆಯ ಪೊಲೀಸ್ ಸವ್ವಾತಿ ಲೂಕಿಚ್ ವಖ್ರುಶೆವ್ ಅವರ ಠಾಣೆಯಲ್ಲೇ ನಾನು ಟೈಪಿಸ್ಟ್. ಹೀಗಾಗಿ ಅವರು ಮನೆಯಲ್ಲಿ ಹೇಳಿದ್ದೂ ಗೊತ್ತು, ಠಾಣೆಯಲ್ಲಿ ಹೇಳದೆ ಬಿಟ್ಟದ್ದೂ ಗೊತ್ತು.

ಎರಡನೇ ಮಹಾಯುದ್ಧಕ್ಕೆ ಮುಂಚಿನಿಂದ ಅವರ ಸೊಂಟದಲ್ಲಿದ್ದದ್ದು ನಗಾನ್ ರಿವಾಲ್ವರ್, ಝಾರ್ ದೊರೆಗಳ ಕಾಲದ ಮಾದರಿ. ಸುತ್ತುವ ಗೂಡಿನಲ್ಲಿ ಏಳು ಗುಂಡು; ಖಾಲಿಯಾದ ತೋಟಾಗಳನ್ನು ಒಂದೊಂದಾಗಿ ಕುಕ್ಕಿ ಹೊರತಳ್ಳಬೇಕು. ಟ್ರಿಗರ್ ಎಷ್ಟು ಬಿಗಿಯೆಂದರೆ ಎಳೆಯುವಾಗ ಸವ್ವಾತಿ ಲೂಕಿಚ್ ಹಲ್ಲು ಕಚ್ಚುತ್ತಿದ್ದರು. ಅದೂ ವರ್ಷಕ್ಕೊಮ್ಮೆ, ಗುರಿ ಪರೀಕ್ಷೆಯಲ್ಲಿ. ಮನುಷ್ಯರ ಮೇಲೆ ಒಮ್ಮೆಯೂ ಹಾರಿಸಿದವರಲ್ಲ. ಕುಡಿದು ಹೆಂಡತಿಗೆ ಹೊಡೆಯುವವನ ಎದುರು ಕುರ್ಚಿ ಎಳೆದುಕೊಂಡು ಕೂತರೆ ಸಾಕು, ಅವನ ನಶೆ ಇಳಿದುಹೋಗುತ್ತಿತ್ತು. ಬೇಸಿಗೆಯಲ್ಲಿ ರಿವಾಲ್ವರನ್ನು ಠಾಣೆಯಲ್ಲಿಟ್ಟು, ಅದರ ಚರ್ಮದ ಚೀಲದಲ್ಲಿ ಉಪ್ಪು ಹಾಕಿದ ಸೌತೆಕಾಯಿ ತುಂಬಿಕೊಂಡು ಬೀಟ್ ತಿರುಗುತ್ತಿದ್ದರು. ಬೀದಿಯವರು ಕಂಡೂ ಕಾಣದ ಹಾಗಿರುತ್ತಿದ್ದರು.

ಹೆಂಡತಿ ಕಪಿತೊಲೀನಾ, ನಮಗೆಲ್ಲ ಕಾಪಾ, ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿದ್ದರು. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಸೇರಿದವರು. ಹೊಸದಾಗಿ ತಯಾರಾದ ಪಿಸ್ತೂಲು ಹೊರಗೆ ಹೋಗುವ ಮುಂಚೆ ಹಾರಿಸಿ ನೋಡುವುದು ಅವರ ಕೆಲಸ. ಮೊದಲು ನಗಾನ್. ಆಮೇಲೆ ಸೈನ್ಯದ ಟಿಟಿ ಪಿಸ್ತೂಲು, ಬಲು ಜೋರಿನದು, ಆದರೆ ಸೇಫ್ಟಿ ಕೀಲಿಯೇ ಇಲ್ಲದ್ದು. ಈಗ ಪುಟ್ಟ ಮಕಾರೊವ್. ಸವ್ವಾತಿ ಲೂಕಿಚ್ ಮಾತ್ರ ಠಾಣೆಯಲ್ಲಿ ತಮ್ಮ ಹೆಂಡತಿ ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಎಣ್ಣೆಕಾಗದ ಹಾಕುತ್ತಾಳೆ ಎಂದು ಹೇಳಿಬಿಟ್ಟಿದ್ದರು. ತಾನು ವರ್ಷವಿಡೀ ಹಾರಿಸುವಷ್ಟು ಗುಂಡನ್ನು ಹೆಂಡತಿ ಬೆಳಗಿನ ಚಹಾಕ್ಕೆ ಮುಂಚೆ ಹಾರಿಸಿ ಮುಗಿಸುತ್ತಾಳೆ ಎನ್ನಲು ಯಾವ ಪೊಲೀಸಿಗೆ ನಾಲಿಗೆ ಬರುತ್ತದೆ? ಗಂಡಸರ ಜಂಬ ಅಂದರೆ ಇಷ್ಟೇ. ಕಾಪಾಗೆ ಈ ಸುಳ್ಳು ಗೊತ್ತಿತ್ತು. ನಕ್ಕು ಸುಮ್ಮನಾಗುತ್ತಿದ್ದರು, ಆದರೆ ಒಳಗೆ ನೋವಿತ್ತು.

ಕೊನೆಗೆ ಠಾಣೆಗೂ ಮಕಾರೊವ್ ಬಂತು. ಅದರಲ್ಲಿ ಗುರಿ ಹೊಡೆಯಲಾಗದವರನ್ನು ಬೀಟಿನಿಂದ ತೆಗೆದು ತರಕಾರಿ ಗೋದಾಮಿನ ಕಾವಲಿಗೆ ಹಾಕುತ್ತಾರೆಂಬ ಸುದ್ದಿಯೂ ಬಂತು. ಹೊಸ ಪಿಸ್ತೂಲಿನ ಟ್ರಿಗರ್ ಹಗುರ. ಮೊದಲ ಪರೀಕ್ಷೆಯಲ್ಲಿ ಸವ್ವಾತಿ ಲೂಕಿಚ್ ನಗಾನಿನ ರೂಢಿಯಲ್ಲಿ ಹಲ್ಲು ಕಚ್ಚಿ ಜಗ್ಗಿದರು, ಗುಂಡುಗಳೆಲ್ಲ ನೆಲಕ್ಕೆ. ಚಳಿಗಾಲ ಮುಗಿಯುವಾಗ ಇನ್ನೊಂದು ಅವಕಾಶ, ಅದೇ ಕೊನೆಯದು ಎಂದರು ಮೇಲಿನವರು. ತಮ್ಮ ಬೀದಿಗಳನ್ನು ಬಿಟ್ಟರೆ ಬೇರೆ ಬದುಕೇ ಗೊತ್ತಿಲ್ಲದ ಆ ಮನುಷ್ಯ ಅಂದು ಊಟಕ್ಕೆ ಕೂತು, ತಟ್ಟೆ ಮುಟ್ಟದೆ ಎದ್ದರು.

"ನೀವು ಟ್ರಿಗರ್ ಎಳೀತಿಲ್ಲ, ಹಸು ಹಾಲು ಹಿಂಡ್ತಿದೀರಿ," ಎಂದರು ಕಾಪಾ. "ನಾನು ಹೇಳ್ಕೊಡ್ಲಾ?"

"ಹೆಂಡ್ತಿ ಹತ್ರ ಗುಂಡು ಹಾರಿಸೋದು ಕಲಿಯೋಷ್ಟು ಕೆಟ್ಟಿಲ್ಲ ಕಣೇ ನಾನು."

"ಸರಿ ಬಿಡಿ. ಗೋದಾಮಲ್ಲಿ ಎಲೆಕೋಸುಗಳು ನಿಮ್ಮ ಮೀಸೆಗಾದ್ರೂ ಹೆದರ್ತವೆ."

ಪಿಸ್ತೂಲನ್ನು ಮನೆಗೆ ತರುವಂತಿರಲಿಲ್ಲ. ಕಾಪಾ ಮತ್ತೆ ಆ ಮಾತೆತ್ತಲೂ ಇಲ್ಲ. ಭಾನುವಾರ ಪೆಲ್ಮೆನಿ ಮಾಡುವಾಗ ಗಂಡನನ್ನು ಎಳೆದು ಕೂರಿಸಿದರು. ಹಿಟ್ಟಿನ ಬಿಲ್ಲೆಯೊಳಗೆ ಮಾಂಸವಿಟ್ಟು ಅಂಚು ಒತ್ತಿ ಮುಚ್ಚುವ ಪುಟ್ಟ ಕಡುಬು ಅದು. ನಮ್ಮೂರಲ್ಲಿ ಚಳಿಗಾಲಕ್ಕೆಂದು ರಾಶಿಗಟ್ಟಲೆ ಮಾಡಿ ಬಾಲ್ಕನಿಯ ಹಿಮದಲ್ಲಿಡುತ್ತೇವೆ. ಸವ್ವಾತಿ ಲೂಕಿಚ್ ಒತ್ತಿದವೆಲ್ಲ ಹರಿದು, ಕುದಿಯುವ ನೀರಿನಲ್ಲಿ ಬಾಯಿಬಿಟ್ಟವು. ಪಾಪ, ಬಿಟ್ಟಿ ಸಿಕ್ಕಿತೆಂದು ನಾವೆಲ್ಲ ಆ ಗಂಜಿಯನ್ನೇ ತಿಂದೆವು.

"ಒತ್ತಿದ್ದು ಹಿಟ್ಟಿಗೇ ಗೊತ್ತಾಗಬಾರ್ದು," ಎನ್ನುತ್ತಿದ್ದರು ಕಾಪಾ. "ಮೆಲ್ಲಗೆ. ಉಸಿರು ಬಿಡಿ. ಇನ್ನೂ ಮೆಲ್ಲಗೆ."

ಇದು ಯಾವ ಪಾಠವೆಂದು ಸವ್ವಾತಿ ಲೂಕಿಚ್ ಅವರಿಗೆ ತಿಳಿಯದೇ ಇರಲಿಲ್ಲ. ತಿಳಿದಿದೆ ಎಂದು ಅವರು ಹೇಳಲಿಲ್ಲ, ಕಾಪಾ ಕೇಳಲೂ ಇಲ್ಲ. ಭಾನುವಾರದಿಂದ ಭಾನುವಾರಕ್ಕೆ ಹರಿಯುವುದು ಕಡಿಮೆಯಾಗಿ, ಬಾಲ್ಕನಿ ತುಂಬಿತು.

ಪರೀಕ್ಷೆಯ ದಿನ ಅಂಕ ಬರೆದುಕೊಳ್ಳಲು ನನ್ನನ್ನೂ ಕೂರಿಸಿದ್ದರು. ಸವ್ವಾತಿ ಲೂಕಿಚ್ ಗುರಿ ಹಿಡಿದರು. ಗುಂಡು ಹಾರಲಿಲ್ಲ, ಸೇಫ್ಟಿ ಕೀಲಿ ಇಳಿಸುವುದನ್ನೇ ಮರೆತಿದ್ದರು. ಹಿಂದೆ ಯಾರೋ ಕಿಸಕ್ಕೆಂದರು. ಸವ್ವಾತಿ ಲೂಕಿಚ್ ಕೀಲಿ ಇಳಿಸಿ, ಉಸಿರು ಬಿಟ್ಟು, ಎರಡು ಬೆರಳಲ್ಲಿ ಹಿಟ್ಟಿನ ಅಂಚು ಹಿಡಿದವರಂತೆ ಒತ್ತಿದರು. ಗುಂಡುಗಳು ಗುರಿಯೊಳಗೇ ಬಿದ್ದವು.

ಒಂದೇ ಚಳಿಗಾಲದಲ್ಲಿ ಇಷ್ಟು ಕಲಿಸಿದ್ದು ಯಾರು ಎಂದು ಮೇಲಧಿಕಾರಿ ಕೇಳಿದರು. ಬೀಟ್ ಉಳಿದಾಗಿತ್ತು, ಏನು ಹೇಳಿದರೂ ನಡೆಯುತ್ತಿತ್ತು. ಸವ್ವಾತಿ ಲೂಕಿಚ್ ಅವರ ಕಿವಿ ಕೆಂಪಾಯಿತು.

"ನನ್ನ ಹೆಂಡ್ತಿ, ಸಾಹೇಬ್ರೇ. ಕಪಿತೊಲೀನಾ ಯೆಗೋರೊವ್ನಾ. ಪೆಟ್ಟಿಗೆಗೆ ಕಾಗದ ಹಾಕ್ತಾಳೆ ಅಂದಿದ್ದೆ, ಅದು ಸುಳ್ಳು. ನಮ್ಮೆಲ್ಲರ ಪಿಸ್ತೂಲನ್ನ ನಮಗಿಂತ ಮೊದಲು ಹಾರಿಸಿ, ಸರಿಯಿದೆ ಅಂತ ಕಳಿಸಿರೋಳು ಅವಳೇ."

ಯಾರೂ ನಗಲಿಲ್ಲ. ಕೆಲವರು ತಮ್ಮ ಕೈಯ ಪಿಸ್ತೂಲನ್ನು ತಿರುಗಿಸಿ ನೋಡಿಕೊಂಡರು.

ಟ್ರಾಮ್‌ಗೂ ಕಾಯದೆ ಮನೆಗೆ ಓಡಿದೆ, ಸವ್ವಾತಿ ಲೂಕಿಚ್ ಅವರಿಗಿಂತ ಮೊದಲು ನಾನೇ ಹೇಳಬೇಕೆಂದು. ಬೀಟ್ ಉಳಿಯಿತು ಎಂದಾಗ ಕಾಪಾ ತಲೆಯಾಡಿಸಿ ಒಲೆಯ ಕಡೆ ತಿರುಗಿದರು. ಗಂಡ ಎಲ್ಲರೆದುರು ಒಪ್ಪಿಕೊಂಡದ್ದನ್ನೂ ಹೇಳಿದೆ. ಕಾಪಾ ಸೌಟು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

"ಇನ್ನೊಂದ್ಸಲ ಹೇಳು," ಎಂದರು. "ಅವರು ಹೇಳಿದ ಹಾಗೇ ಹೇಳು."