ಒಡೆದ ಹಾಲು

ಬೆಳಿಗ್ಗೆ ಒಲೆಯ ಮೇಲೆ ಹಾಲು ಒಡೆಯಿತು. ಆ ಹುಳಿ ವಾಸನೆಗೆ ನಿಜಾಮನ ಕಾಲದ ನಮ್ಮ ಯಲಬುರ್ಗಾದ ಅಡುಗೆಮನೆ ಕಣ್ಣೆದುರು ಬಂತು.

ಅಜ್ಜಿ ತನ್ನ ಸೊಂಟದ ಕೀಲಿ ಗೊಂಚಲನ್ನು ಸಣ್ಣ ಸೊಸೆಗೆ, ಅಂದರೆ ನನ್ನ ಚಿಕ್ಕವ್ವನಿಗೆ, ಕೊಡುವವಳಿದ್ದಳು. ಹಿರಿಯ ಸೊಸೆ ದೊಡ್ಡವ್ವನಿಗೆ ಅದು ಬೇಕಿತ್ತು. ಚಿಕ್ಕವ್ವ ಕಾಯಿಸಲಿಟ್ಟ ಹಾಲಿಗೆ ಅವಳು ಮೂರು ದಿನ ಗುಟ್ಟಾಗಿ ಹುಣಸೆರಸ ಹಿಂಡಿದಳು. ನಾನು ನೋಡಿದೆ. ಯಾರಿಗೂ ಹೇಳದಿರಲೆಂದು ಅವಳು ನನ್ನ ಬಾಯಿಗೆ ಬೆಲ್ಲ ಹಾಕಿದಳು.

"ಈಕಿ ಕೈಗುಣ ಛಲೋ ಇಲ್ಲ," ಎಂದಳು ಅಜ್ಜಿ.

"ಅಳಬ್ಯಾಡ ತಂಗಿ," ಎನ್ನುತ್ತ ದೊಡ್ಡವ್ವನೇ ಚಿಕ್ಕವ್ವನ ಕಣ್ಣೊರೆಸಿದಳು. ಕೀಲಿ ದೊಡ್ಡವ್ವನ ಸೊಂಟ ಸೇರಿತು. ಚಿಕ್ಕವ್ವ ಮತ್ತೆಂದೂ ಹಾಲಿನ ಪಾತ್ರೆ ಮುಟ್ಟಲಿಲ್ಲ.

ಇವತ್ತು ನನ್ನ ಸೊಸೆ ಹೆದರಿ, "ನನ್ನ ಕೈಯಾಗ ಹಿಂಗಾತು ನೋಡ್ರಿ ಅತ್ತಿ," ಎಂದಳು.

"ನಿನ್ನ ಕೈದೇನೂ ತಪ್ಪಿಲ್ಲವ್ವಾ," ಎಂದೆ.

ಅಂದು ಅಜ್ಜಿಯ ಮುಂದೆ ನಾನು ಆಡಬೇಕಿದ್ದದ್ದು ಇಷ್ಟೇ ಮಾತು.