ಒಳಗಿನ ಗಾಳಿ

ನನ್ನವರು ತೀರಿಹೋಗಿ ಮೂರು ತಿಂಗಳಾದರೂ ಕಾರಿನಲ್ಲಿ ಅವರ ನೋವಿನೆಣ್ಣೆಯ ವಾಸನೆ ಉಳಿದಿತ್ತು. ಅದು ಹೋಗದಿರಲೆಂದು ನಾನು ಗ್ಲಾಸು ಇಳಿಸುತ್ತಿರಲಿಲ್ಲ. ಎ.ಸಿ.ಯಲ್ಲಿ ಒಳಗಿನ ಗಾಳಿಯೇ ಸುತ್ತುವ ಬಟನ್ ಸದಾ ಒತ್ತಿಡುತ್ತಿದ್ದೆ. ಕೇಳಿದವರಿಗೆ, ದಾರಿಯ ನೆಲ್ಯಾಡಿಯಲ್ಲಿ ಒಣಹಾಕಿದ ರಬ್ಬರ್ ಶೀಟಿನ ನಾತ ಒಳಗೆ ಬರುತ್ತದೆ ಎನ್ನುತ್ತಿದ್ದೆ.

ಒಂದು ಸಂಜೆ ನಾನು ಪಾಠ ಮಾಡುವ ಶಾಲೆಯ ಗೇಟಿನೆದುರು ಬಸ್ಸು ತಪ್ಪಿ ಮಳೆಯಲ್ಲಿ ನೆನೆಯುತ್ತಿದ್ದ, ಗುರುತಿಲ್ಲದ ಹೆಂಗಸೊಬ್ಬರನ್ನು ಕಡಬದವರೆಗೆ ಹತ್ತಿಸಿಕೊಂಡೆ. ರಬ್ಬರ್ ಮರದಿಂದ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರು. ಅವರ ಒದ್ದೆ ಬಟ್ಟೆಗೆ ಎದುರಿನ ಗ್ಲಾಸು ಒಳಗಿನಿಂದ ಮಂಜಾಯಿತು. ಒರೆಸಿದರೆ ಮತ್ತೆ ಮಂಜು.

“ಟೀಚರೇ, ಹೊರಗಿನ ಗಾಳಿ ಬಿಡಿ.”

“ರಬ್ಬರ್ ವಾಸನೆ ಬರ್ತದೆ.”

“ವಾಸನೆ ನಿಮ್ಮ ಪಕ್ಕದಲ್ಲೇ ಕೂತಿದೆ ಮಾರಾಯ್ರೆ!”

ನಾನು ನಗಲಿಲ್ಲ, ಬಟನ್ನೂ ಮುಟ್ಟಲಿಲ್ಲ. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಬಸ್ಸು ಕಾಣಲಿಲ್ಲ. ಎಡಕ್ಕೆಳೆದು ಬ್ರೇಕ್ ಒತ್ತಿದೆ. ಬಸ್ಸು ಬಲಗಡೆಯ ಕನ್ನಡಿಯನ್ನು ಮಡಚಿಕೊಂಡೇ ಹೋಯಿತು.

ಅವರು ಮೆಲ್ಲಗೆ, “ಮನೆಯಲ್ಲಿ ನನಗೆ ಮಕ್ಕಳುಂಟು ಟೀಚರೇ” ಎಂದರು.

ನಾನು ಹೊರಗಿನ ಗಾಳಿ ಬಿಟ್ಟೆ. ಗ್ಲಾಸು ಕೆಳಗಿನಿಂದ ನಿಧಾನವಾಗಿ ತಿಳಿಯಾಯಿತು.

“ಈಗ ಸರಿಯಾಯ್ತು ನೋಡಿ. ಒಳಗೆ ಎಂತದೋ ಎಣ್ಣೆಯ ನಾತ ಇತ್ತು, ಅದೂ ಹೋಯ್ತು.”

ಉಪಕಾರ ಮಾಡಿದ ಖುಷಿ ಅವರ ಮುಖದಲ್ಲಿತ್ತು. ನಾನು ಥ್ಯಾಂಕ್ಸ್ ಹೇಳಿದೆ.