ಮೊದಲು ನನ್ನ ಕಿವಿ

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಂಪ್‌ಸೆಟ್ ಮೋಟರ್ ಮಾಡುವ ಒಂದು ಫ್ಯಾಕ್ಟರಿ. ಅಲ್ಲಿ ನಾನು ಹನ್ನೊಂದು ವರ್ಷ ತಾಮ್ರದ ತಂತಿ ಸುತ್ತಿದೆ. ನಮ್ಮ ಬೆಂಚಿನ ಎದುರಿಗೇ ಶಿವಗಂಗಮ್ಮನವರ ಸ್ಟೂಲು. ತಯಾರಾದ ಮೋಟರನ್ನು ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಜಾಗಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುವುದು ಅವರ ಕೆಲಸ. ಸದ್ದು ಸರಿಯಿದ್ದರೆ ಮೋಟರ್ ಹೊರಗೆ ಹೋಗುತ್ತಿತ್ತು. ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದರು, ಅದು ವಾಪಸ್ಸು ಬರುತ್ತಿತ್ತು.

ಗಂಡ ಬಿನ್ನಿಪೇಟೆಯ ಮಿಲ್ಲಿನಲ್ಲಿದ್ದು ತೀರಿಕೊಂಡ ಮೇಲೆ ಅವರು ಕಸ ಗುಡಿಸಲು ಸೇರಿದವರು. ಒಂದು ದಿನ ಗುಡಿಸುತ್ತಾ, ಪಾಸಾಗಿ ನಿಂತಿದ್ದ ಮೋಟರ್ ತೋರಿಸಿ, “ಇದು ನರಳ್ತಾ ಇದೆ” ಅಂದರಂತೆ. ಎಲ್ಲರೂ ನಕ್ಕರು. ಬಿಚ್ಚಿದರೆ ಬೇರಿಂಗಿನ ಒಳಗಿನ ಒಂದು ಗುಂಡು ಸೀಳಿತ್ತು. ಓನರ್ ವೆಂಕಟಸ್ವಾಮಿಯವರು ಪೊರಕೆ ಬಿಡಿಸಿ ಸ್ಟೂಲು ಕೊಟ್ಟರು.

ಎಂಬತ್ತೈದರಲ್ಲಿ ಜಂಬಣ್ಣ ಎಂಬ ಇಂಜಿನಿಯರ್ ಬಂದರು. ರಾಯಚೂರಿನ ಕಡೆಯವರು, ಮೂವತ್ತರ ಆಸುಪಾಸು. ಟೀವಿಯಂಥ ಒಂದು ಕಂಪ್ಯೂಟರ್ ತಂದು ಗೋಡೆಗೆ ಒತ್ತಿ ಇಟ್ಟರು. ಏಳು ತಿಂಗಳು ಶಿವಗಂಗಮ್ಮನವರ ಪಕ್ಕ ಕೂತು, ಮುನ್ನೂರು ಮೋಟರುಗಳ ಸದ್ದನ್ನು ಕ್ಯಾಸೆಟ್ಟಿಗೆ ತುಂಬಿಕೊಂಡರು. ಪ್ರತಿಯೊಂದಕ್ಕೂ ಅವರು ಹೇಳಿದ ತೀರ್ಪನ್ನು ಬರೆದುಕೊಂಡು ಕಂಪ್ಯೂಟರಿಗೆ ಕಲಿಸಿದರು. ಶಿವಗಂಗಮ್ಮನವರೂ ಖುಷಿಯಿಂದಲೇ ಹೇಳಿಕೊಟ್ಟರು. ಅಷ್ಟು ವರ್ಷದಲ್ಲಿ ಅವರ ಕೆಲಸ ಹೇಗೆ ಎಂದು ಕೇಳಿದವರು ಜಂಬಣ್ಣ ಒಬ್ಬರೇ.

ಮರುವರ್ಷ ಶಿವಗಂಗಮ್ಮನವರ ಕಿವಿ ಕೈಕೊಟ್ಟಿತು. ಕೆಟ್ಟ ಬೇರಿಂಗಿನ ಎರಡು ಮೋಟರು ಪಾಸಾಗಿ ಹೋಗಿ, ಕೊಂಡವರಿಂದ ತಿರುಗಿ ಬಂದವು. ಡಾಕ್ಟರು ನೋಡಿ, ಕೀಚಲು ಸದ್ದು ಇನ್ನು ಕೇಳಿಸುವುದಿಲ್ಲ, ಇಷ್ಟು ವರ್ಷ ಪ್ರೆಸ್ ಮೆಷಿನ್ನಿನ ಪಕ್ಕ ಕೂತದ್ದೇ ಕಾರಣ ಎಂದರು. ಬೇರಿಂಗ್ ಕೆಟ್ಟರೆ ಏಳುವುದು ಆ ಕೀಚಲೇ.

ಆಗ ಜಂಬಣ್ಣ ತಮ್ಮ ಕಂಪ್ಯೂಟರ್ ಪೆಟ್ಟಿಗೆಗೆ ಒಂದು ಹೆಡ್‌ಫೋನ್ ಸೇರಿಸಿದರು. ಕಡ್ಡಿಯೊಂದನ್ನು ಮೋಟರಿಗೆ ತಾಗಿಸಿದರೆ ಸಾಕು. ಕೆಟ್ಟದ್ದಾದರೆ ಕಿವಿಯಲ್ಲಿ ‘ಕುಂಯ್’ ಎನ್ನುತ್ತದೆ, ಒಳ್ಳೆಯದಾದರೆ ಸುಮ್ಮನಿರುತ್ತದೆ.

“ನಿಮ್ಮ ಬುದ್ಧೀನೇ ಅದರಾಗ ಐತ್ರಿ ಅಮ್ಮಾ. ಕೃತಕ ಬುದ್ಧಿ ಅಂತಾರ ಇದಕ್ಕ. ಮುಂದ ಮನುಷ್ಯಾರು, ಮಷಿನ್ನು ಬ್ಯಾರೆ ಬ್ಯಾರೆ ಇರೂದಿಲ್ಲ. ಎಲ್ಲಾ ಒಂದಾಗ್ತೈತಿ. ನೀವೇ ಮೊದಲನೇವ್ರು.”

ಶಿವಗಂಗಮ್ಮನವರು ಅದನ್ನು ಒಂದು ವಾರ ಹಾಕಿಕೊಂಡರು. ಎಂಟನೆಯ ದಿನ ಹೆಡ್‌ಫೋನ್ ಬಿಚ್ಚಿ ಬೆಂಚಿನ ಮೇಲಿಟ್ಟು ಕೈಕಟ್ಟಿ ಕೂತರು. ಲೈನಿನಲ್ಲಿ ಮೋಟರುಗಳು ಸಾಲುಗಟ್ಟಿದವು. ವೆಂಕಟಸ್ವಾಮಿಯವರು ಕ್ಯಾಬಿನ್ನಿಂದ ಓಡಿಬಂದರು.

“ಏನಮ್ಮಾ ಇದು? ಕಿವಿ ಹೋಯ್ತು ಅಂದ್ರೂ ಕೆಲಸ ಉಳಿಸಿದೀನಿ. ಹಾಕ್ಕೊಳೋಕೆ ಏನ್ ಕಷ್ಟ?”

“ಇದು ಕುಂಯ್ ಅನ್ನುತ್ತೆ, ನಾನು ಗೀಟು ಹಾಕ್ತೀನಿ. ನನಗೆ ಒಂದು ಮೋಟರೂ ಕೇಳಿಸ್ತಿಲ್ಲ ಸಾರ್. ಅದಕ್ಕೆ ಕೈ ಇಲ್ಲ, ನಾನು ಕೈ ಆಗಿದೀನಿ ಅಷ್ಟೇ.”

ಜಂಬಣ್ಣ ಸಮಾಧಾನ ಹೇಳಲು ಬಂದರು. ಶಿವಗಂಗಮ್ಮನವರು ಅವರ ಕಡೆಗೂ ತಿರುಗಿದರು. “ಒಂದಾಗುತ್ತೆ ಅಂದ್ರಿ, ಆಗ್ಲಿ. ನಾನೇನು ಬೇಡ ಅಂದೆನಾ? ಒಂದಾದ ಮೇಲೆ ಮಾತಾಡೋದು ಯಾರು, ಅದು ಹೇಳಿ ಸಾರ್.”

ಶಿವಗಂಗಮ್ಮನವರೇ ಮಾತು ಮುಂದುವರಿಸಿದರು.

“ಕಿವಿ ಹೋದ ಮೇಲೆ ಒಂದಿನ ನಿಮ್ಮ ಟೇಪ್‌ರೆಕಾರ್ಡರ್‌ದು ಸೆಲ್ಲು ವೀಕಾಗಿ ಕ್ಯಾಸೆಟ್ಟು ನಿಧಾನಕ್ಕೆ ಓಡ್ತಲ್ಲ, ಆಗ ಆ ಕೀಚಲು ದಪ್ಪ ಆಗಿ ನನಗೆ ಚೆನ್ನಾಗಿ ಕೇಳಿಸ್ತು. ಹಾಗೆ ಮಾಡ್ಕೊಡಿ. ಕೇಳ್ಸೋದು ಮೆಷಿನ್ ಕೇಳಿಸ್ಲಿ. ತೀರ್ಮಾನ ನಂದು. ತಪ್ಪಾದ್ರೆ ತಪ್ಪೂ ನಂದೇ.”

“ಆಗಲ್ಲ ಅಂದ್ರೆ?” ಅಂದರು ಓನರ್.

“ಆಗಲ್ಲ ಅಂದ್ರೆ ಪೊರಕೆ ಕೊಡಿ. ಗುಡಿಸ್ತೀನಿ. ಇದನ್ನ ಮಾತ್ರ ಹಾಕ್ಕೊಳಲ್ಲ.”

ಮೂರು ದಿನ ಅವರು ನಿಜವಾಗಿಯೂ ಗುಡಿಸಿದರು. ನಮಗೆಲ್ಲ ನೋಡಲಾಗಲಿಲ್ಲ. ಅವರ ಮುಖದಲ್ಲಿ ಮಾತ್ರ ಒಂಚೂರೂ ನಾಚಿಕೆಯಿರಲಿಲ್ಲ. ನಾಲ್ಕನೆಯ ದಿನ ಜಂಬಣ್ಣ ತಾವೇ ಒಂದು ಟೇಪ್‌ರೆಕಾರ್ಡರ್ ಬಿಚ್ಚಿ, ತುಂಬಿಕೊಂಡ ಸದ್ದು ಅರ್ಧ ವೇಗದಲ್ಲಿ ಕೇಳಿಸುವ ಹಾಗೆ ಮಾಡಿ ತಂದರು.

ಇಪ್ಪತ್ತು ಮೋಟರು ಇಟ್ಟು ಪರೀಕ್ಷೆ ನಡೆಯಿತು. ಪೆಟ್ಟಿಗೆಯೂ ಹೇಳಬೇಕು, ಅವರೂ ಹೇಳಬೇಕು, ಆಮೇಲೆ ಎಲ್ಲವನ್ನೂ ಬಿಚ್ಚಿ ನೋಡಬೇಕು. ಪೆಟ್ಟಿಗೆ ಹದಿನೆಂಟನ್ನು ಸರಿಯಾಗಿ ಹೇಳಿತು. ಶಿವಗಂಗಮ್ಮನವರು ಹದಿನೇಳು.

“ನೋಡಿದ್ಯಾ?” ಅಂದರು ವೆಂಕಟಸ್ವಾಮಿಯವರು.

“ನೋಡ್ದೆ. ಅದು ಬಿಟ್ಟಿದ್ದು ಯಾವ ಎರಡು, ನೀವೂ ನೋಡಿ.”

ಆ ಎರಡರಲ್ಲೂ ತಿರುಗುವ ರೋಟರು ಮೋಟರಿನ ಒಳಮೈಗೆ ಉಜ್ಜುತ್ತಿತ್ತು. ಅಂಥ ದೋಷ ಆ ಮುನ್ನೂರರಲ್ಲಿ ಒಂದೂ ಇರಲಿಲ್ಲ, ಹಾಗಾಗಿ ಪೆಟ್ಟಿಗೆಗೆ ಗೊತ್ತಿಲ್ಲ. ಅವರು ಎರಡನ್ನೂ ಹಿಡಿದಿದ್ದರು. ಜಂಬಣ್ಣ ತಲೆ ಕೆರೆದುಕೊಂಡು, “ಖರೇ ಐತ್ರಿ ಸಾರ್. ಗೊತ್ತಿಲ್ಲ ಅನ್ನೋದ ಅದಕ್ಕ ನಾನು ಕಲಿಸಿಲ್ಲ” ಎಂದು ಒಪ್ಪಿಕೊಂಡರು.

ಮೊದಲು ಶಿವಗಂಗಮ್ಮನವರು ಕೇಳಿ ಬರೆಯಬೇಕು, ಆಮೇಲಷ್ಟೇ ಪೆಟ್ಟಿಗೆ ಹಾಕಬೇಕು, ಇಬ್ಬರ ಮಾತೂ ಕೂಡದಿದ್ದರೆ ಮೋಟರ್ ಬಿಚ್ಚಬೇಕು. ಅವರು ಹಾಕಿದ ಈ ಷರತ್ತಿಗೆ ಓನರ್ ಗೊಣಗುತ್ತಲೇ ಹ್ಞೂಂ ಅಂದರು. ಮೂರು ವರ್ಷ ಹಾಗೇ ನಡೆಯಿತು. ಎಷ್ಟೋ ಸಲ ಬಿಚ್ಚಿದಾಗ ಪೆಟ್ಟಿಗೆಯೇ ಸರಿಯಾಗಿರುತ್ತಿತ್ತು. ಆಗೆಲ್ಲ, “ತಪ್ಪು ನಂದೇ” ಎಂದು ಗಟ್ಟಿಯಾಗಿ ಹೇಳಿ ಮುಂದಿನ ಮೋಟರಿಗೆ ಕೈ ಹಾಕುತ್ತಿದ್ದರು.

ಎಂಬತ್ತೊಂಬತ್ತರಲ್ಲಿ ಅವರ ನಿವೃತ್ತಿ. ಹಾರ ತಂದಿದ್ದರು, ಮೈಸೂರು ಪಾಕು ತರಿಸಿದ್ದರು. ಇನ್ನು ಮುಂದೆ ಪೆಟ್ಟಿಗೆಯೊಂದೇ ಸಾಕು ಎಂದು ಓನರ್ ನಿರ್ಧರಿಸಿರುವುದು ಅಲ್ಲಿಯೇ ಗೊತ್ತಾಯಿತು. ಶಿವಗಂಗಮ್ಮನವರು ಹಾರಕ್ಕೆ ಕುತ್ತಿಗೆ ಬಾಗಿಸಲಿಲ್ಲ.

“ಪೇಂಟಿಂಗ್ ಸೆಕ್ಷನ್ನಿನ ಪಾಪಮ್ಮಂಗೆ ಎರಡು ವರ್ಷದಿಂದ ಊಟದ ಹೊತ್ತಲ್ಲಿ ಕಲಿಸಿದೀನಿ. ನನ್ನ ಸ್ಟೂಲಲ್ಲಿ ಅವಳು ಕೂತ್ಕೊಳ್ಲಿ, ಆಮೇಲೆ ಹಾರ.”

“ಇದು ನನ್ನ ಫ್ಯಾಕ್ಟರಿ ಕಣಮ್ಮಾ!”

“ಹೌದು ಸಾರ್. ಪೆಟ್ಟಿಗೆ ಒಳಗಿರೋ ಕಿವಿ ನಂದು.”

ಓನರ್ ಹಾರವನ್ನು ಮೇಜಿನ ಮೇಲೆ ಹಾಕಿ ಕ್ಯಾಬಿನ್ನಿಗೆ ಹೋದರು. ನಾವ್ಯಾರೂ ಮೈಸೂರು ಪಾಕು ಮುಟ್ಟಲಿಲ್ಲ. ಒಂದು ಗಂಟೆ ಕಳೆದ ಮೇಲೆ ಬಾಗಿಲು ತೆರೆದು, “ಆರು ತಿಂಗಳು ನೋಡೋಣ. ಕರೀರಿ ಆ ಪಾಪಮ್ಮನ್ನ” ಅಂದರು.

ನಾನು ಕೆಲಸ ಬಿಡುವವರೆಗೂ ಪಾಪಮ್ಮ ಆ ಸ್ಟೂಲಿನ ಮೇಲೆಯೇ ಕೂತಿದ್ದಳು.